ಕಾಲಿಂಚಿಗಿಂತ ಕಡಿಮೆ

ಜನವರಿ 9, ಗುರುವಾರ

ಇವಳು ಇಂದು ಬೆಳಿಗ್ಗೆ ಹೊರಟುಹೋದಳು. ಮೂವತ್ನಾಲ್ಕು ವರ್ಷದ ಸಂಸಾರದಲ್ಲಿ ಒಂದು ವಾರಕ್ಕಿಂತ ಹೆಚ್ಚು ಮನೆ ಬಿಟ್ಟವಳಲ್ಲ, ಈಗ ಮೂರು ತಿಂಗಳಿಗಾಗುವಷ್ಟು ಬಟ್ಟೆ ತುಂಬಿಕೊಂಡು ಮಗಳ ಮನೆಗೆ ಹೋಗಿದ್ದಾಳೆ. ಮಗಳು ಬಸುರಿ, ಇವತ್ತಿಗೆ ಇಪ್ಪತ್ತೇಳು ವಾರ. ಹಾಸಿಗೆ ಬಿಟ್ಟು ಏಳಕೂಡದೆಂದು ಡಾಕ್ಟರು ಹೇಳಿದ್ದಾರಂತೆ. ಮೊದಲನೆಯ ಮೊಮ್ಮಗು, ತಾಯಿ ಹೋಗಬೇಕಾದ್ದೇ. ನಾನು ಬೇಡವೆನ್ನಲಿಲ್ಲ.

ಆದರೆ ಮಗಳು ಷರತ್ತು ಹಾಕಿದ್ದಾಳೆ. ಅಲ್ಲಿಂದ ಅಪ್ಪನಿಗೆ ಒಂದು ಮಾತು ಹೋಗಬಾರದು, ಒಂದು ಅಕ್ಷರ ಹೋಗಬಾರದು, ಯಾರ ಕೈಲೂ ಹೇಳಿ ಕಳಿಸಬಾರದು. ಒಪ್ಪಿದರೆ ಬಾ, ಇಲ್ಲವಾದರೆ ಬೇಡ. ಇವಳು ಮಗಳ ಮೇಲೆ ಆಣೆ ಇಟ್ಟು ಒಪ್ಪಿದ್ದಾಳೆ.

"ಅಲ್ಲಿ ಏನಾಯ್ತು ಅಂತ ನಂಗೆ ಗೊತ್ತಾಗೋದು ಹೇಗೆ?" ಎಂದು ಬಾಗಿಲಲ್ಲಿ ಕೇಳಿದೆ.

"ಗೊತ್ತಾಗೋ ಮನಸ್ಸಿದ್ರೆ ಗೊತ್ತಾಗುತ್ತೆ. ಫೋನು ಜೊತೇಲೇ ಇಟ್ಕೊಳ್ಳಿ ರೀ."

ಮಾತೇ ಬೇಡವೆಂದ ಮೇಲೆ ಫೋನು ಯಾವ ಸುಖಕ್ಕೆ? ಕೇಳುವಷ್ಟರಲ್ಲಿ ಬಸ್ಸು ಹಿಡಿಯಲು ಓಡಿದ್ದಳು. ಬೈಯಲು ಮನೆಯಲ್ಲಿ ಯಾರೂ ಉಳಿದಿಲ್ಲವಾಗಿ ಹೊಲಿಗೆ ಅಂಗಡಿಯ ಹಳೇ ಅಳತೆ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಇದನ್ನು ಬರೆಯುತ್ತಿದ್ದೇನೆ. ಮುಂದಿನ ಹಾಳೆಗಳಲ್ಲಿ ಸತ್ತುಹೋದ ಗಿರಾಕಿಗಳ ಎದೆ ಸುತ್ತಳತೆ ಇದೆ.

ಜನವರಿ 11, ಶನಿವಾರ

ಬಾಮೈದ ಬಂದಿದ್ದ. ಐವತ್ತೆರಡು ವಯಸ್ಸು, ಒಂದು ಫೋನ್ ರಿಪೇರಿ ಅಂಗಡಿ, ವರ್ಷಕ್ಕೊಂದು ಹೊಸ ಸ್ಕೀಮು. ನಾನು ಅವನನ್ನು ಕರೆಯುವುದೇ ಸ್ಕೀಮು ಎಂದು. ಮೊಲ ಸಾಕಿದ, ಮೊಲಗಳು ಬೇಲಿ ನುಸುಳಿ ಹೋದವು. ಅಯಸ್ಕಾಂತದ ಹಾಸಿಗೆ ಮಾರಿದ, ಅದರ ಮೇಲೆ ಮಲಗಿ ಅವನಿಗೇ ಸೊಂಟ ಹಿಡಿಯಿತು. ಈಗ ಬಿಟ್‌ಕಾಯಿನ್ ಅಂತೆ, ಕೈಗೆ ಸಿಗದ, ಫೋನಿನೊಳಗೇ ಇರುವ ನಾಣ್ಯ. ಹೋದ ತಿಂಗಳು ನಂಟರಿಷ್ಟರ ಫೋನಿಗೆಲ್ಲ ಒಂದು ಆ್ಯಪು ತುರುಕಿ ಹೋಗಿದ್ದ. ತಲೆಗಿಷ್ಟು ಎಂದು ಅವನಿಗೆ ಕಮಿಷನ್ ಇರಬೇಕು. ಅಕ್ಕನಿಗೆ ಪ್ರೀತಿಯಿಂದ ಆ ನಾಣ್ಯದ ಕೆಲವು ಸಾವಿರ ಚೂರು ಹಾಕಿಕೊಟ್ಟನಂತೆ. ನನಗೂ ಹಾಕಲು ಬಂದ. ಭಿಕ್ಷೆ ಬೇಡವೆಂದೆ.

ಅದೇ ಆ್ಯಪು ನಿನ್ನೆಯೂ ಇವತ್ತೂ ಬೆಳಿಗ್ಗೆ ಆರೂವರೆಗೆ ಟಿಂಗ್ ಎಂದು ಬಡಿದುಕೊಂಡಿತು. ಏನಿದು ಎಂದು ಅವನನ್ನೇ ಕೇಳಿದೆ. ಕೇಳಿದ್ದು ತಪ್ಪಾಯಿತು. ಬಂದದ್ದೇನೆಂದು ನೋಡದೆ ಭಾಷಣ ಶುರು ಮಾಡಿದ.

"ಒಂದು ಪೂರ್ತಿ ನಾಣ್ಯದ ಬೆಲೆ ನಿಮ್ಮ ಮನೆಗಿಂತ ಜಾಸ್ತಿ ಭಾವ. ಅಷ್ಟು ದೊಡ್ಡದನ್ನ ಜನ ಹೇಗೆ ಬಳಸ್ತಾರೆ? ಅದಕ್ಕೇ ಹತ್ತು ಕೋಟಿ ಚೂರು ಮಾಡಿದಾರೆ. ಒಂದು ಚೂರಿಗೆ ಸಾತೋಶಿ ಅಂತಾರೆ."

ಹೆಸರೇನೋ ಹೊಲಿಗೆ ಯಂತ್ರದ ಕಂಪನಿಯದ್ದಿದ್ದ ಹಾಗಿದೆ.

"ಒಂದು ಚೂರಿಗೆ ಏನು ಬರುತ್ತೆ?"

"ಒಂದಕ್ಕೆ ಏನೂ ಬರಲ್ಲ."

"ಏನೂ ಬರದೇ ಇರೋದನ್ನ ಇಟ್ಕೊಂಡು ಏನು ಮಾಡ್ತಾರೆ?"

"ಕಳಿಸ್ತಾರೆ ಭಾವ. ಒಂದು ರೂಪಾಯಿಗಿಂತ ಕಮ್ಮೀದನ್ನ ಬ್ಯಾಂಕು ಮುಟ್ಟೋದೇ ಇಲ್ಲ. ಇಲ್ಲಿ ಎಷ್ಟು ಬೇಕೋ ಅಷ್ಟೇ, ಒಂದು ಚೂರು ಹೆಚ್ಚಿಲ್ಲ ಕಮ್ಮಿ ಇಲ್ಲ, ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಹೋಗುತ್ತೆ. ಹಾಡು ಒಂದು ನಿಮಿಷ ಕೇಳಿದ್ರೆ ಒಂದು ನಿಮಿಷದ್ದೇ ಕೊಡಬಹುದು."

ಒಂದು ನಿಮಿಷ ಹಾಡು ಕೇಳಿ ಎದ್ದು ಹೋಗುವ ಜನಕ್ಕೆ ತಕ್ಕ ನಾಣ್ಯ. ಚೂರಿನ ಲೆಕ್ಕದಲ್ಲಿ ತೋರಿಸಲೋ ಪೂರ್ತಿ ನಾಣ್ಯದ ಲೆಕ್ಕದಲ್ಲೋ ಎಂದು ಕೇಳಿದ. "ಪೂರ್ತೀಲೇ ತೋರಿಸು. ಚೂರುಪಾರು ನೋಡೋ ಮನುಷ್ಯ ಅಲ್ಲ ನಾನು" ಎಂದೆ. ಅವನು ಏನೋ ಒತ್ತಿದ. ಪರದೆಯ ಮೇಲೆ 0.00 ಎಂದು ಬಂತು. ಇಷ್ಟೆಲ್ಲ ಪುರಾಣ ಸೊನ್ನೆಗೆ.

ಜನವರಿ 15, ಬುಧವಾರ

ಟಿಂಗ್. 0.00. ದಿನಾ ಆರೂವರೆಗೆ. ಜಾಹೀರಾತೇ ಇರಬೇಕು.

ಅಂಗಡಿಯಲ್ಲಿ ಇವತ್ತು ಒಬ್ಬ ಗಿರಾಕಿ ಬಂದಿದ್ದ. ಕೋಟಿನ ತೋಳು ಒಂದು ಎಳೆಯಷ್ಟು ಉದ್ದವಾಗಿದೆಯಂತೆ. ಅಂಥವರಿಗೆ ನಾನು ಕೊಡುವ ಉತ್ತರ, ಇಲ್ಲಿ ಕಟಿಂಗ್ ಮಾಸ್ಟರಾದ ಇಪ್ಪತ್ತೆಂಟು ವರ್ಷದಿಂದ ಒಂದೇ. ಕಾಲಿಂಚಿಗಿಂತ ಕಡಿಮೆಯದನ್ನು ನಾನು ಪುಸ್ತಕದಲ್ಲಿ ಬರೆಯುವುದಿಲ್ಲ, ಅದನ್ನು ಹೊಲಿಗೆ ನುಂಗಿಕೊಳ್ಳುತ್ತದೆ. ನನ್ನ ಕೈಕೆಳಗೆ ಕತ್ತರಿ ಹಿಡಿದವರಿಗೆಲ್ಲ ಮೊದಲ ದಿನ ಹೇಳಿದ ಪಾಠವೂ ಇದೇ. ಸಣ್ಣದನ್ನು ನೋಡುತ್ತ ಕುಳಿತವನು ಕೋಟು ಮುಗಿಸುವುದಿಲ್ಲ.

ಗಿರಾಕಿ ಗೊಣಗಿದ. ಅಂಗಡಿಯ ಸಾಹುಕಾರರು ನಗುನಗುತ್ತ ತೋಳು ಬಿಚ್ಚಿಸಿಕೊಟ್ಟರು. ಅವರಿಗೆ ಅಂಗಡಿ ನಡೆಯಬೇಕು, ಕಸುಬು ಕೆಟ್ಟರೂ ಸರಿ.

ಜನವರಿ 22, ಬುಧವಾರ

ಮನೆಯಲ್ಲಿ ಸದ್ದಿಲ್ಲ. ಎರಡು ಲೋಟ ತೊಳೆಯಲು ನನಗೆ ಒಂದು ದಿನ ಹಿಡಿಯುತ್ತದೆ.

ಇಷ್ಟಕ್ಕೂ ನಾನು ಆಡಿದ್ದಾದರೂ ಏನು? ಎರಡು ವರ್ಷದ ಹಿಂದೆ ಮಗಳಿಗೆ ಆರನೇ ತಿಂಗಳಲ್ಲಿ ಹೋಯಿತು. ಆಸ್ಪತ್ರೆಯ ಮಂಚದ ಮೇಲೆ ಗೋಡೆ ಕಡೆ ತಿರುಗಿ ಮಲಗಿದ್ದಳು. ಸಮಾಧಾನ ಹೇಳಬೇಕೆಂದು ಹೋಗಿ, "ಆರು ತಿಂಗಳದ್ದು ತಾನೆ, ಲೆಕ್ಕಕ್ಕಿಲ್ಲ ಬಿಡು" ಎಂದೆ. ಅಷ್ಟೇ. ಲೋಕದಲ್ಲಿ ಎಲ್ಲರೂ ಹೇಳುವ ಮಾತು. ಅವಳು ತಿರುಗಿ ನನ್ನ ಮುಖ ನೋಡಿದಳು. ಆಮೇಲೆ ಇವತ್ತಿನವರೆಗೆ ಮಾತಿಲ್ಲ. ನನ್ನ ನಂಬರಿನಿಂದ ಫೋನು ಹೋಗದ ಹಾಗೆ ಮಾಡಿದ್ದಾಳೆ.

ನಾನೇನು ಸುಮ್ಮನೆ ಕುಳಿತವನಲ್ಲ. ಹೋದ ವರ್ಷ ದೊಡ್ಡ ಮೊತ್ತದ ಚೆಕ್ಕು ಕಳಿಸಿದೆ, ನಾಲ್ಕು ತಿಂಗಳ ದುಡಿಮೆ. ಎರಡು ತುಂಡಾಗಿ ಅದೇ ಲಕೋಟೆಯಲ್ಲಿ ವಾಪಸ್ಸು ಬಂತು. ಕತ್ತರಿ ನೆಟ್ಟಗೆ ಓಡಿತ್ತು, ಒಂದು ಕಡೆಯೂ ಹಲ್ಲುಹಲ್ಲಾಗಿರಲಿಲ್ಲ. ನನ್ನ ಮಗಳಲ್ಲವೇ. ಇವಳು ಆ ತುಂಡುಗಳನ್ನು ನೋಡಿ, "ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ ರೀ" ಎಂದಳು. ಗಾದೆ ಹೇಳಲು ಹೆಂಗಸರಿಗೆ ಹೊತ್ತುಗೊತ್ತಿಲ್ಲ.

ಜನವರಿ 27, ಸೋಮವಾರ

ಬೆಳಿಗ್ಗೆ ಟಿಂಗ್ ಸದ್ದಿಗೆ ಬೆಚ್ಚಿ ಕಾದ ಚಹಾ ಕೈಮೇಲೆ ಚೆಲ್ಲಿಕೊಂಡೆ. ಸಾಕಾಯಿತು. ಅಂಗಡಿಗೆ ಹೋಗುವ ದಾರಿಯಲ್ಲಿ ಸ್ಕೀಮಿನ ಅಂಗಡಿಗೆ ನುಗ್ಗಿ, ಈ ಪೀಡೆಯನ್ನು ಕಿತ್ತು ಹಾಕು ಎಂದೆ. ಅವನು ಕನ್ನಡಕ ಏರಿಸಿ ನೋಡಿದ.

"ಭಾವ, ಇದು ಜಾಹೀರಾತಲ್ಲ. ಅಕ್ಕ ಕಳಿಸ್ತಿದಾಳೆ."

"ಏನು ಕಳಿಸ್ತಿದಾಳೆ? ಸೊನ್ನೇನಾ?"

"ಸೊನ್ನೆ ಯಾಕೆ? ನೀವೇ ತಾನೆ ಪೂರ್ತೀಲಿ ತೋರಿಸು ಅಂದಿದ್ದು. ಪೂರ್ತೀಲಿ ನೋಡಿದ್ರೆ ಸೊನ್ನೇನೇ." ಏನೋ ಒತ್ತಿದ. "ಈಗ ನೋಡಿ, ಚೂರಿನ ಲೆಕ್ಕ. ಇನ್ಮೇಲೆ ಕಳಿಸಿದವರ ಹೆಸರೂ ಬರುತ್ತೆ."

ಸೊನ್ನೆಗಳೆಲ್ಲ ಅಂಕಿಗಳಾದವು. ಆರು ಸಲ 27. ಏಳು ಸಲ 28. ಐದು ಸಲ 29.

"ಯಾವ ಲೆಕ್ಕಾನೋ" ಎಂದ ಸ್ಕೀಮು. "ಅಕ್ಕನಿಗೆ ಒತ್ತೋಕೆ ಬರಲ್ಲ ಅಂತ ಕಾಣುತ್ತೆ. ಅಳಿಸಿ ಹಾಕ್ಲಾ?"

ಅವನ ಕೈಯಿಂದ ಫೋನು ಕಿತ್ತುಕೊಂಡೆ. ನಲವತ್ತು ವರ್ಷ ಅಳತೆ ಪುಸ್ತಕ ಓದಿದವನಿಗೆ ಅಷ್ಟು ಗೊತ್ತಾಗುವುದಿಲ್ಲವೇ? ವಾರಕ್ಕೊಂದು ಏರುವ ಅಂಕಿ, ಗುರುವಾರ ಗುರುವಾರ ಏರುವ ಅಂಕಿ, ಅದು ಬೆಳೆಯುತ್ತಿರುವ ಯಾವುದೋ ಒಂದರ ಅಳತೆ. ಇಪ್ಪತ್ತೇಳು ವಾರ, ಇಪ್ಪತ್ತೆಂಟು ವಾರ, ಇಪ್ಪತ್ತೊಂಬತ್ತು. ಮಗು ಇದೆ, ಇನ್ನೂ ಹೊಟ್ಟೆಯಲ್ಲೇ ಇದೆ. ಮಾತಾಡಲಿಲ್ಲ, ಅಕ್ಷರ ಬರೆಯಲಿಲ್ಲ, ಯಾರ ಕೈಲೂ ಹೇಳಿಸಲಿಲ್ಲ. ಆಣೆಗೆ ಆಣೆಯೂ ಉಳಿಯಿತು. ಇವಳು ಕಳ್ಳಿ.

ಹದಿನೆಂಟು ದಿನ ಬೆಳಿಗ್ಗೆ ಎದ್ದು ನನಗೆ ಹೇಳಿದ್ದಾಳೆ. ಹದಿನೆಂಟು ದಿನವೂ ನಾನು ಸೊನ್ನೆ ಎಂದಿದ್ದೇನೆ.

"ಕಿತ್ತು ಹಾಕ್ಬೇಡ. ಇದ್ರೆ ಇರ್ಲಿ" ಎಂದೆ. ಸ್ಕೀಮಿನ ಮುಖ ಗೆದ್ದವನ ಹಾಗೆ ಅರಳಿತು. ಮೊಲ ಸಾಕಿದಾಗಲೂ ಹೀಗೇ ಅರಳಿತ್ತು.

ಜನವರಿ 30, ಗುರುವಾರ

30.

ಫೋನನ್ನು ಚಹಾದ ಲೋಟದ ಪಕ್ಕ ಇಟ್ಟುಕೊಂಡು ಕುಳಿತಿದ್ದೆ. ಆರು ಇಪ್ಪತ್ತಕ್ಕೆ ಎದ್ದದ್ದು ಅದಕ್ಕಲ್ಲ, ಬೀದಿ ನಾಯಿ ಎಬ್ಬಿಸಿತು.

ಫೆಬ್ರವರಿ 6, ಗುರುವಾರ

31. ಇಂದು ಸಾಹುಕಾರರು ಹೊಸ ರೆಡಿಮೇಡ್ ಶರ್ಟುಗಳ ಪೆಟ್ಟಿಗೆ ತರಿಸಿದ್ದಾರೆ. ದೊಡ್ಡದು, ನಡುವಿನದು, ಚಿಕ್ಕದು. ಲೋಕದ ಗಂಡಸರೆಲ್ಲ ಮೂರೇ ಜಾತಿಯವರು ಎಂದು ಯಾವನೋ ತೀರ್ಮಾನ ಮಾಡಿದ್ದಾನೆ. ಮನುಷ್ಯನ ಮೈ ನೋಡದವನು ಮಾಡುವ ಕೆಲಸ ಇದು. ಒಬ್ಬೊಬ್ಬನ ಭುಜ ಒಂದೊಂದು ಥರ ಇಳಿದಿರುತ್ತದೆ. ನೋಡುವ ಕಣ್ಣಿರಬೇಕು ಎಂದು ಬೈದೆ. ಸಾಹುಕಾರರು, "ಕಾಲಿಂಚಿಗಿಂತ ಕಮ್ಮಿ ನೋಡಲ್ಲ ಅನ್ನೋರು ನೀವೇ ಅಲ್ವಾ ಮಾಸ್ಟ್ರೇ" ಎಂದರು. ದುಡ್ಡಿದ್ದವರಿಗೆ ಬಾಯಿ ಹೆಚ್ಚು.

ಫೆಬ್ರವರಿ 10, ಸೋಮವಾರ

ಬರಲಿಲ್ಲ.

ಫೆಬ್ರವರಿ 11, ಮಂಗಳವಾರ

ಆರೂವರೆ ಆಯಿತು. ಏಳಾಯಿತು. ಎಂಟಾಯಿತು. ಇವಳಿಗೆ ಫೋನು ಮಾಡಿದೆ. ತೆಗೆಯಲಿಲ್ಲ, ಆಣೆಯಲ್ಲವೇ. ಅಳಿಯನೂ ತೆಗೆಯಲಿಲ್ಲ. ಅಂಗಡಿಯಲ್ಲಿ ಪ್ಯಾಂಟಿನ ಬಟ್ಟೆಯನ್ನು ತಲೆಕೆಳಗು ಹಾಸಿ ಕತ್ತರಿಸಿದೆ. ನಲವತ್ತು ವರ್ಷದಲ್ಲಿ ಮೊದಲ ಸಲ. ಸಾಹುಕಾರರು ಬೇರೆ ಬಟ್ಟೆ ತಂದು ಮುಂದಿಟ್ಟರು, ಅದು ಇನ್ನೂ ಕೆಟ್ಟದ್ದು.

ಮಧ್ಯಾಹ್ನ ಸ್ಕೀಮಿನ ಅಂಗಡಿಗೆ ಹೋದೆ. ಅವನ ಎದುರು ಇಂಥ ಮುಖ ಇಟ್ಟುಕೊಂಡು ನಿಲ್ಲುವ ದಿನ ಬರುತ್ತದೆ ಎಂದುಕೊಂಡಿರಲಿಲ್ಲ.

"ಆ್ಯಪು ಕೆಟ್ಟಿದೆಯಾ ನೋಡು."

"ಕೆಟ್ಟಿಲ್ಲ ಭಾವ."

"ಇನ್ನೊಂದು ಸಲ ನೋಡು."

ಅವನು ನೋಡಿದ. ತನ್ನ ಫೋನಿನಿಂದ ನನಗೆ ಕಳಿಸಿ ಪರೀಕ್ಷೆ ಮಾಡಲೇ ಎಂದ. ಬೇಡವೆಂದೆ, ಅಲ್ಲಿ ಬೇರೆ ಯಾರ ಅಂಕಿಯೂ ಬೀಳಬಾರದು. ಅವನು ಸ್ಟೂಲು ಎಳೆದು ಕೊಟ್ಟ, ಚಹಾ ತರಿಸಿದ. ಯಾಕೆ ಏನು ಎಂದು ಕೇಳಲಿಲ್ಲ. ಅವನ ಬಾಯಿಗೂ ಬೀಗ ಇದೆಯೆಂದು ಇವತ್ತು ಗೊತ್ತಾಯಿತು.

ಐದು ಗಂಟೆಗೆ ಟಿಂಗ್. ಅದರ ಹಿಂದೆಯೇ ಇನ್ನೊಂದು. 31, 31. ನಿನ್ನೆಯದೂ ಸೇರಿಸಿ. ಏನೋ ಆಗಿ ದಾಟಿಕೊಂಡಿದೆ. ಏನಾಗಿತ್ತೆಂದು ಅಂಕಿಯಲ್ಲಿ ಬರುವುದಿಲ್ಲ. ಮಧ್ಯಾಹ್ನ ತರಿಸಿದ್ದ ಚಹಾ ಆಗ ಕುಡಿದೆ, ಆರಿ ತಣ್ಣಗಾಗಿತ್ತು.

ಫೆಬ್ರವರಿ 12, ಬುಧವಾರ

31, ಸರಿಯಾಗಿ ಆರೂವರೆಗೆ.

ಇವತ್ತು ಅಂಗಡಿಗೆ ಹೋಗಲಿಲ್ಲ. ನನಗೆ ಅಳತೆ ಮರೆಯುವುದಿಲ್ಲ. ಇಪ್ಪತ್ತು ವರ್ಷದ ಹಿಂದೆ ಕೋಟು ಹೊಲಿಸಿದವನ ಸೊಂಟ ಈಗಲೂ ಹೇಳಬಲ್ಲೆ. ಬೇಕಾದ್ದಷ್ಟೇ ನೆನಪಿರಲಿ ಎಂದರೆ ತಲೆ ಕೇಳುವುದಿಲ್ಲ.

ಎರಡು ವರ್ಷದ ಹಿಂದೆ ಆಸ್ಪತ್ರೆಯ ಕೌಂಟರಿನಲ್ಲಿ ಸಹಿ ಹಾಕಿದ್ದು ನಾನು. ಅಳಿಯ ಒಳಗೆ ಅವಳ ಜೊತೆ ಇದ್ದ. ಗಾಜಿನ ಹಿಂದಿನ ಹೆಂಗಸು ಕಾಗದ ನೋಡುತ್ತ, "ಹೆಣ್ಣು. ಆರುನೂರು ಚಿಲ್ಲರೆ ಗ್ರಾಂ. ಇಲ್ಲಿ ಸಹಿ ಮಾಡಿ" ಎಂದಳು. ಕಾಗದದಲ್ಲಿ ಚಿಲ್ಲರೆ ಎಂದಿರಲಿಲ್ಲ, 612 ಎಂದಿತ್ತು. ನಾನು ಓದಿದೆ, ಸಹಿ ಹಾಕಿದೆ. ಅಲ್ಲಿಂದ ನೇರ ಮಗಳ ಮಂಚದ ಹತ್ತಿರ ಹೋಗಿ ಆ ಮಾತು ಆಡಿದೆ.

ಸ್ಕೀಮಿನ ಅಂಗಡಿಗೆ ಹೋಗಿ ಕೇಳಿದೆ, "ಮಗಳ ಫೋನಲ್ಲೂ ಇದನ್ನ ಹಾಕಿದೀಯಾ?"

"ಎಲ್ಲರಿಗೂ ಹಾಕಿದೀನಿ ಭಾವ. ಆದ್ರೆ ದೊಡ್ಡದೇನಾದ್ರೂ ಕಳಿಸ್ಬೇಡಿ. ಚೆಕ್ಕಿನ ಕಥೆ ಆಗುತ್ತೆ."

ಮನೆಯ ವಿಷಯ ಎಲ್ಲ ತಿಳಿದಿದೆ ಇವನಿಗೆ.

"ನನ್ನ ಹತ್ರ ಎಷ್ಟಿದೆ?"

"ಒಂಬೈನೂರ ಎಂಬತ್ತೆಂಟು ಚೂರು. ಎಲ್ಲ ಅಕ್ಕ ಕಳಿಸಿದ್ದೇ."

"ಅದ್ರಲ್ಲಿ ಆರುನೂರ ಹನ್ನೆರಡು ಮಗಳಿಗೆ ಕಳಿಸು."

"ಆರುನೂರ ಹನ್ನೆರಡಾ? ಸುಮ್ನೆ ಆರುನೂರು ಅಂತ ರೌಂಡ್ ಮಾಡಿ ಕಳಿಸಿ ಭಾವ."

"ಬಾಯಿ ಮುಚ್ಕೊಂಡು ಅಷ್ಟೇ ಒತ್ತು."

ಜೊತೆಗೆ ಏನಾದರೂ ಬರೆಯಬೇಕೇ ಎಂದು ಕೇಳಿದ, ಜಾಗ ಇದೆಯಂತೆ. ಬೇಡವೆಂದೆ. ಅವಳು ಅಕ್ಷರ ಬೇಡ ಎಂದಿದ್ದಾಳೆ. ಒತ್ತಿದ. ಹೋಯಿತು. ಒಮ್ಮೆ ಹೋದದ್ದನ್ನು ಕಳಿಸಿದವನು ಹಿಂದಕ್ಕೆ ಎಳೆದುಕೊಳ್ಳುವ ಹಾಗಿಲ್ಲವಂತೆ. ಮಾತಿನದೂ ಅದೇ ಕಾನೂನು, ಅದನ್ನು ಹೇಳಲು ಬಿಟ್‌ಕಾಯಿನ್ ಬೇಕಿರಲಿಲ್ಲ.

ಫೆಬ್ರವರಿ 13, ಗುರುವಾರ

32, ಇವಳಿಂದ. ಮಗಳಿಂದ ಏನೂ ಇಲ್ಲ.

ಫೆಬ್ರವರಿ 16, ಭಾನುವಾರ

32. ಮಗಳಿಂದ ಏನೂ ಇಲ್ಲ. ಕಳಿಸಬಾರದಿತ್ತು. ಆರುತ್ತಿದ್ದ ಗಾಯವನ್ನು ಕೆರೆದೆ. ಹಾಸಿಗೆ ಹಿಡಿದವಳಿಗೆ ಆ ಅಂಕಿ ಕಳಿಸುವವನು ಎಂಥ ಅಪ್ಪ? ನನ್ನಂಥ ಮೂರ್ಖನನ್ನು ಬೇರೆ ಕಡೆ ಕಂಡಿದ್ದರೆ ಇಲ್ಲಿ ಎರಡು ಪುಟ ಬರೆಯುತ್ತಿದ್ದೆ.

ಫೆಬ್ರವರಿ 20, ಗುರುವಾರ

33.

ಫೆಬ್ರವರಿ 22, ಶನಿವಾರ

ಬೆಳಿಗ್ಗೆ ಬರಲಿಲ್ಲ. ಅಂಗಡಿಗೆ ಹೋಗಿ ಮೇಜಿನ ಮೇಲೆ, ಸೀಮೆಸುಣ್ಣದ ಡಬ್ಬಿಯ ಪಕ್ಕ ಫೋನು ಇಟ್ಟುಕೊಂಡೆ. ಹನ್ನೊಂದೂ ಇಪ್ಪತ್ತಕ್ಕೆ ಟಿಂಗ್ ಎಂದಿತು.

ಇವಳದಲ್ಲ, ಮಗಳ ಹೆಸರು. 612.

ವಾಪಸ್ಸು ಬಂತು. ಚೆಕ್ಕಿನ ಹಾಗೆಯೇ. ಅವಳಿಗೆ ನನ್ನಿಂದ ಇಷ್ಟು ಕೂಡ ಬೇಡ. ಫೋನನ್ನು ಬೋರಲು ಹಾಕಿ ಕತ್ತರಿ ಎತ್ತಿಕೊಂಡೆ.

ಬೋರಲು ಬಿದ್ದಿದ್ದ ಫೋನೇ ಇನ್ನೊಮ್ಮೆ ಟಿಂಗ್ ಎಂದಿತು. ಮಗಳ ಹೆಸರೇ. 1840.

ವಾಪಸ್ಸು ಕೊಟ್ಟದ್ದಲ್ಲ ಅದು. ಹೆರಿಗೆಯಾಗಿದೆ. ದೊಡ್ಡವಳು 612 ಗ್ರಾಂ, ಚಿಕ್ಕದು 1840. ತಾಯಿಯಾದವಳು ತನ್ನ ಮಕ್ಕಳನ್ನು ಹೇಳುವ ಕ್ರಮದಲ್ಲೇ ಹೇಳಿದ್ದಾಳೆ.

ಇದನ್ನು ಬರೆಯುವಾಗ ಸಂಜೆಯಾಗಿದೆ. ಮೊದಲ ಸಂತೋಷ ಇಳಿದ ಮೇಲೆ ಆ ಎರಡು ಅಂಕಿಗಳನ್ನು ಮತ್ತೆ ಮತ್ತೆ ತೆಗೆದು ನೋಡುತ್ತಿದ್ದೇನೆ. ತೂಕ ಬಂದಿದೆ, ನಿಜ. ಅವತ್ತು ಕೌಂಟರಿನಲ್ಲೂ ತೂಕವೇ ಬಂದಿತ್ತು. ಉಸಿರಿದೆಯೋ ಇಲ್ಲವೋ ತೂಕದಲ್ಲಿ ಇರುವುದಿಲ್ಲ. ಮೂವತ್ಮೂರು ವಾರದ್ದು. ಇವಳಿಂದ ಏನೂ ಇಲ್ಲ.

ಫೆಬ್ರವರಿ 23, ಭಾನುವಾರ

ಆರೂವರೆ. ಟಿಂಗ್. ಮಗಳಿಂದ.

1.

ಒಂದು ಚೂರು. ಹತ್ತು ಕೋಟಿಯಲ್ಲಿ ಒಂದು. ಅದಕ್ಕಿಂತ ಚಿಕ್ಕದು ಅಲ್ಲಿ ಇಲ್ಲವಂತೆ. ಒಂದಕ್ಕೆ ಏನೂ ಬರಲ್ಲ ಎಂದಿದ್ದ ಸ್ಕೀಮು, ಅವನಿಗೇನು ಗೊತ್ತು. ಮಗುವಿಗೆ ಒಂದು ದಿನ. ಬದುಕಿದೆ.

ಅಡುಗೆಮನೆಯಲ್ಲಿ ನಿಂತು ಅತ್ತೆ. ನೋಡುವವರು ಯಾರೂ ಇರಲಿಲ್ಲವಾದ್ದರಿಂದ ಚೆನ್ನಾಗಿಯೇ ಅತ್ತೆ.

ಆಮೇಲೆ ಇವಳ ಹಳೆಯ ಮೆತ್ತನೆ ಹತ್ತಿ ಸೀರೆಯನ್ನು ಒಗೆದು, ಇಸ್ತ್ರಿ ಮಾಡಿ, ಊಟದ ಮೇಜಿನ ಮೇಲೆ ಹಾಸಿದೆ. ಗಂಡೋ ಹೆಣ್ಣೋ ಗೊತ್ತಿಲ್ಲ, ಈ ಅಳತೆಗೆ ಆ ಭೇದವಿಲ್ಲ. ಎದೆ ಹನ್ನೊಂದು ಇಂಚು ಇದ್ದರೆ ಹೆಚ್ಚು. ಭುಜ ಎರಡಿಂಚು. ಎರಡಿಂಚಿನ ಭುಜದಲ್ಲಿ ಕಾಲಿಂಚು ಎಂದರೆ ಎಂಟರಲ್ಲೊಂದು ಪಾಲು, ಅಷ್ಟನ್ನು ಹೊಲಿಗೆಗೆ ನುಂಗಲು ಬಿಟ್ಟರೆ ಮಗುವಿಗೆ ಕೈ ಹಾಕಲು ಜಾಗ ಉಳಿಯುವುದಿಲ್ಲ. ಉಕ್ಕಿನ ಸ್ಕೇಲು ಹುಡುಕಿ ತೆಗೆದೆ. ಇಂಚಿನ ಹದಿನಾರು ಗೆರೆಗಳು ಅದರಲ್ಲಿವೆ. ಇಷ್ಟು ವರ್ಷ ಆ ಗೆರೆಗಳನ್ನು ಯಾವ ಪುಣ್ಯಾತ್ಮ ಯಾಕಾದರೂ ಕೊರೆದ ಎಂದು ಬೈಯುತ್ತಿದ್ದೆ. ಮೂರು ಸಲ ಕತ್ತರಿಸಿದೆ. ಮೂರನೆಯದು ಸರಿಯಾಯಿತು.

ಫೆಬ್ರವರಿ 24, ಸೋಮವಾರ

2.

ಸ್ಕೀಮು ಬೆಳಿಗ್ಗೆಯೇ ಬಂದು, ಶರ್ಟು ಇರುವ ಲಕೋಟೆಯನ್ನು ತಾನೇ ಕೊರಿಯರ್ ಮಾಡುತ್ತೇನೆಂದು ತೆಗೆದುಕೊಂಡು ಹೋದ. ಹೋಗುವಾಗ ಹೊಸದೊಂದು ಸ್ಕೀಮು ಹೇಳಿದ. ಜೇನು ಸಾಕುತ್ತಾನಂತೆ. ಹುಳುಗಳಿಗೆ ದೇವರೇ ಗತಿ.

ಅಂಗಡಿಯಲ್ಲಿ ಮೊದಲ ಗಿರಾಕಿಯ ತೋಳು ಅಳೆದು, ಇಪ್ಪತ್ಮೂರು ಇಂಚು, ಅದರ ಮೇಲೆ ಮೂರು ಗೆರೆ ಎಂದು ಪುಸ್ತಕದಲ್ಲಿ ಬರೆದೆ. ಸಾಹುಕಾರರು ಹಿಂದಿನಿಂದ ಬಗ್ಗಿ ನೋಡಿ ಏನೋ ಹೇಳಲು ಬಾಯಿ ತೆರೆದವರು, ನನ್ನ ಮುಖ ಕಂಡು ಮಾತು ಬದಲಿಸಿದರು.

"ಮಗಳಿಗೆ ಹೆರಿಗೆ ಆಯ್ತಂತೆ, ನಿಮ್ಮ ಬಾಮೈದ ಹೇಳ್ತಿದ್ರು. ಮೊದಲ್ನೇದಾ ಮಾಸ್ಟ್ರೇ?"

"ಅಲ್ಲ" ಎಂದೆ. "ಎರಡನೇದು."